ದೊಣೆ ಕಾಯ್ದ ಓಬಳಮ್ಮ

ಮಂಡಿಕಲ್ ಹೋಬಳಿಯ ಕೊನೆಗೆ ಎಲುಗುಗುಟ್ಟೆ ಎಂಬ ಬೆಟ್ಟವಿತ್ತು. ಎಲುಗು ಎಂದರೆ ತೆಲುಗಿನಲ್ಲಿ ಕರಡಿ, ಗುಟ್ಟೆ ಎಂದರೆ ಬೆಟ್ಟ. ಅಲ್ಲಿ ಕರಡಿಯನ್ನು ಕಣ್ಣಾರೆ ಕಂಡವರು ಊರಿನಲ್ಲಿ ಹೆಚ್ಚಿರಲಿಲ್ಲ. ಆದರೂ ಹೊತ್ತು ಇಳಿದ ಮೇಲೆ ಯಾರೂ ಆ ಕಡೆ ಕಾಲಿಡುತ್ತಿರಲಿಲ್ಲ.

ಬೆಟ್ಟದ ಬುಡಕ್ಕೆ ತಾಗಿದ್ದ ಕಡೆಯ ಹೊಲ ಓಬಳಮ್ಮನದು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ಮೈದುನ ರಾಮಾಂಜಿನಪ್ಪ, "ಅತ್ಗೆ, ಆ ಕಾಡಂಚಿನ ಹೊಲದಲ್ಲಿ ನೀವೊಬ್ರೇ ಏನ್ ಮಾಡ್ತೀರಾ? ನಾನೇ ಉತ್ತು ಬೆಳೆದು ನಿಮ್ ಪಾಲಿನ ರಾಗಿ ಮನೆಗೆ ತಂದಾಕ್ತೀನಿ" ಅಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಓಬಳಮ್ಮ ಒಪ್ಪಲಿಲ್ಲ. ಉಳುವುದಕ್ಕೆ ಮಾತ್ರ ಅವನ ಎತ್ತು ಕೇಳುತ್ತಿದ್ದಳು, ಮಿಕ್ಕಿದ್ದೆಲ್ಲ ತಾನೇ. ಕಡಲೆಕಾಯಿ, ರಾಗಿ, ಎರಡು ಹಸು, ಒಂದು ಕೆಂದ ಕಡಸು, ಒಂದು ನಾಯಿ. ಅವಳ ಸಂಸಾರ ಅಷ್ಟೇ.

ಆ ಬೆಟ್ಟಕ್ಕೆ ಲಕ್ಷ್ಮಯ್ಯ ಎಂಬ ಫಾರೆಸ್ಟ್ ಗಾರ್ಡು ಬಂದದ್ದು ಅರವತ್ತಮೂರರ ಬೇಸಿಗೆಯಲ್ಲಿ. ಗೌರಿಬಿದನೂರು ಕಡೆಯವನು, ಇನ್ನೂ ಮೀಸೆ ಬಲಿಯದ ಹುಡುಗ. ಮೂರು ಗುಟ್ಟೆಗಳಿಗೆ ಅವನೊಬ್ಬನೇ ಕಾವಲು. ಕೈಯಲ್ಲಿ ಒಂದು ಕೋಲು, ಮೈಮೇಲೆ ಬಣ್ಣಗೆಟ್ಟ ಖಾಕಿ. ಸೌದೆ ಕಡಿಯಲು ಬಿಡುವುದಿಲ್ಲವೆಂದು ಊರಿನವರಿಗೆ ಅವನ ಮೇಲೆ ಸಿಟ್ಟು. ಕುಡಿಯಲು ನೀರು ಕೇಳಿದರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಓಬಳಮ್ಮ ಮಾತ್ರ ಹೊಲದ ಗುಡಿಸಲ ಮುಂದೆ ಕೂರಿಸಿ ಮುದ್ದೆ ಹಾಕಿದಳು. ಅವನು "ಅಕ್ಕಯ್ಯ" ಅಂದ. ಅಂದಿನಿಂದ ಮುದ್ದೆ ಮಾಡುವಾಗ ಒಂದು ಹಿಡಿ ಹಿಟ್ಟು ಹೆಚ್ಚಿಗೆ ಹಾಕುವುದು ಅವಳಿಗೆ ರೂಢಿಯಾಯಿತು. ಊರಿನ ಬಾಯಿ ಸುಮ್ಮನಿರಲಿಲ್ಲ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ಹೊತ್ತಿನಲ್ಲಿ ಆ ಸೀಮೆಗೆ ಎಂಡ್ರಿನ್ ಎಂಬ ಕೀಟನಾಶಕ ಬಂತು. ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ ಡಬ್ಬಿ ಡಬ್ಬಿಯಾಗಿ ಸಿಗುತ್ತಿತ್ತು. ಆಲೂಗಡ್ಡೆ ಬೆಳೆಯುವವರ ಮನೆಯಲ್ಲೆಲ್ಲ ಅಟ್ಟದ ಮೇಲೆ ಒಂದೊಂದು. ವಿಷವೆಂದು ಯಾರೂ ಕರೆಯುತ್ತಿರಲಿಲ್ಲ. ಔಷಧಿ ಎನ್ನುತ್ತಿದ್ದರು.

ಮುಂದಿನ ಬೇಸಿಗೆ ಬೆಟ್ಟದಿಂದ ಚಿರತೆ ಇಳಿಯತೊಡಗಿತು. ಮೊದಲು ಬೀದಿನಾಯಿಗಳು ಕಾಣೆಯಾದವು. ಆಮೇಲೆ ಕುರಿಮರಿಗಳು. ಜನ ಮಕ್ಕಳನ್ನು ಬೇಗ ಒಳಗೆ ಕರೆದುಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಓಬಳಮ್ಮನ ಕೊಟ್ಟಿಗೆಯಲ್ಲಿ ಕಡಸು ಇರಲಿಲ್ಲ. ಕಿತ್ತ ಹಗ್ಗ, ನೆಲದ ಮೇಲೆ ಎಳೆದುಕೊಂಡು ಹೋದ ಗುರುತು. ಗುರುತು ಹಿಡಿದು ಹೋದರೆ, ಬೆಟ್ಟದ ಲಂಟಾನದ ಪೊದೆಯಲ್ಲಿ ಅರ್ಧ ತಿಂದ ಮೈ ಬಿದ್ದಿತ್ತು. ಅವಳು ಅದರ ಕೊಂಬಿನ ಬುಡವನ್ನು ಸವರಿ ಅತ್ತಳು.

ಲಕ್ಷ್ಮಯ್ಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಅಕ್ಕಯ್ಯ, ಇದನ್ನ ಹೀಗೇ ಬಿಟ್ಬಿಡಿ. ಅದು ಬಂದು ತಿಂದ್ಕೊಳ್ಳಲಿ. ಇಲ್ಲಿ ಹೊಟ್ಟೆ ತುಂಬಿದ್ರೆ ಮತ್ತೆ ಊರಿಗಿಳಿಯಲ್ಲ."

ಅವಳು ತಲೆಯಾಡಿಸಿದಳು. ಆದರೆ ಹಿಂದೆಯೇ ಬಂದಿದ್ದ ರಾಮಾಂಜಿನಪ್ಪ ಗಾರ್ಡನ್ನು ದುರುಗುಟ್ಟಿ ನೋಡಿದ. "ಇವತ್ತು ಕಡಸು. ನಾಳೆ ಮಗೂನ ಎತ್ಕೊಂಡೋದ್ರೆ ನೀನು ಬಂದು ಹೆತ್ಕೊಡ್ತೀಯೇನಪ್ಪ?"

ಮಾರನೆಯ ದಿನ ಓಬಳಮ್ಮ ಹೊಲಕ್ಕೆ ಬಂದಾಗ ಏನೋ ಸರಿಯಿಲ್ಲ ಅನ್ನಿಸಿತು. ಹಕ್ಕಿಯ ಸದ್ದಿಲ್ಲ. ಬೆಟ್ಟದ ಮೇಲೆ ರಣಹದ್ದುಗಳು ಇಳಿದದ್ದನ್ನು ಕಂಡಿದ್ದಳು, ಅವು ಮತ್ತೆ ಮೇಲೇಳಲೇ ಇಲ್ಲ. ಹತ್ತಿ ಹೋಗಿ ನೋಡಿದರೆ, ಕಡಸಿನ ಸುತ್ತ ಹದ್ದುಗಳು ರೆಕ್ಕೆ ಹರಡಿಕೊಂಡು ಬಿದ್ದಿದ್ದವು. ಒಂದಕ್ಕೆ ಇನ್ನೂ ಜೀವವಿತ್ತು. ಕತ್ತು ನೆಲಕ್ಕೆ ಬಡಿಯುತ್ತಿತ್ತು. ಸ್ವಲ್ಪ ದೂರದಲ್ಲಿ ನರಿ, ಕಾಗೆಗಳು. ಚಿರತೆ ಇರಲಿಲ್ಲ. ಅವಳ ನಾಯಿ ಯಾವಾಗ ಮಾಂಸಕ್ಕೆ ಬಾಯಿ ಹಾಕಿತ್ತೋ, ಮನೆಯ ದಾರಿಯಲ್ಲೇ ಕಾಲು ಸೆಟೆದು ಬಿತ್ತು.

ಅವಳಿನ್ನೂ ನಾಯಿಯ ಮುಂದೆ ಕೂತಿದ್ದಾಗಲೇ ಬೆಟ್ಟದ ಮೇಲಿಂದ ಕುರಿ ಮೇಯಿಸುವ ಮಕ್ಕಳ ಕೂಗು ಕೇಳಿಸಿತು. "ಗಾರ್ಡಣ್ಣ ಬಿದ್ಬಿಟ್ಟ! ದೊಣೆ ಹತ್ರ ಬಿದ್ಬಿಟ್ಟ!"

ನಡುಬೆಟ್ಟದ ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಯೊಂದಿತ್ತು. ಬೇಸಿಗೆಯಲ್ಲಿ ಇಡೀ ಗುಟ್ಟೆಗೆ ಅದೊಂದೇ ನೀರು. ಮೃಗಗಳಿಗೂ ಅದೇ, ಕುರಿಗಳಿಗೂ ಅದೇ, ಮಕ್ಕಳಿಗೂ ಅದೇ. ಓಬಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಲಕ್ಷ್ಮಯ್ಯನ ಬಾಯಲ್ಲಿ ನೊರೆ, ಮೈಯೆಲ್ಲ ಅದುರುತ್ತಿತ್ತು. ದೊಣೆಯ ನೀರಿನ ಮೇಲೆ ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ನೀರು ಕುಡಿದ್ರಾ? ಯಾರಾದ್ರೂ ಕುಡಿದ್ರೇನ್ರೋ?" ಅವಳು ಒಬ್ಬೊಬ್ಬರ ಗಲ್ಲ ಹಿಡಿದು ಬಾಯಿ ನೋಡಿದಳು.

ಇಲ್ಲವೆಂದು ಮಕ್ಕಳು ತಲೆಯಲ್ಲಾಡಿಸಿದರು. ಗಾರ್ಡಣ್ಣ ಮೊದಲು ಕುಡಿದ, ಬೊಗಸೆ ಇಳಿಸುವ ಮೊದಲೇ, "ಬ್ಯಾಡ, ಬ್ಯಾಡ, ಏನೋ ವಾಸ್ನೆ" ಎಂದು ಅವರನ್ನು ತಳ್ಳಿಬಿಟ್ಟನಂತೆ.

ಗಾಡಿ ಬೇಕಾಗಿತ್ತು. ಊರಿನಲ್ಲಿ ಒಬ್ಬರಿಗೆ ಗಾಲಿ ಸರಿಯಿಲ್ಲ, ಇನ್ನೊಬ್ಬರಿಗೆ ಎತ್ತಿಗೆ ಜ್ವರ. ಕಡೆಗೆ ಗಾಡಿ ಕಟ್ಟಿದವನು ರಾಮಾಂಜಿನಪ್ಪನೇ. ಅವನ ಮುಖ ಬೂದಿಯಂತಾಗಿತ್ತು. ಚಿಕ್ಕಬಳ್ಳಾಪುರದ ದಾರಿಯುದ್ದಕ್ಕೂ ಎತ್ತುಗಳನ್ನು ಹೊಡೆದ, ಹೊಡೆದ. ಗಾರ್ಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಓಬಳಮ್ಮ ಮೈದುನನ ಹೆಗಲ ಮೇಲಿನ ಟವಲನ್ನೇ ನೋಡುತ್ತಿದ್ದಳು. ಗಾಳಿ ಬೀಸಿದಾಗ ಅದರಿಂದ ಔಷಧಿಯ ವಾಸನೆ ಬರುತ್ತಿತ್ತು. ಆಲೂಗಡ್ಡೆಗೆ ಹೊಡೆದಿರಬೇಕು, ಆಲೂಗಡ್ಡೆಗೆ ಹೊಡೆದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಅವನ ಹೊಲದ ಆಲೂಗಡ್ಡೆ ಕಿತ್ತು ತಿಂಗಳಾಗಿತ್ತು.

ಲಕ್ಷ್ಮಯ್ಯ ಬದುಕಿದ. ಕೈ ನಡುಕ ಮಾತ್ರ ಹೋಗಲಿಲ್ಲ. ಅವನನ್ನು ಚಿಂತಾಮಣಿಯ ಕಡೆ ಸೌದೆ ಡಿಪೋಗೆ ಹಾಕಿದರು. ಬೆಟ್ಟಕ್ಕೆ ಬೇರೆ ಆಳು ಇರಲಿಲ್ಲ.

ರಾಮಾಂಜಿನಪ್ಪನ ಮಗಳು ಆದಿಲಕ್ಷ್ಮಿ ಆಗ ಹೈಸ್ಕೂಲು ಮುಗಿಸುತ್ತಿದ್ದ ಹುಡುಗಿ. ಒಂದು ಸಂಜೆ ಹಿತ್ತಲಿನಿಂದ ಬಂದು ಒಲೆಯ ಮುಂದೆ ಕೂತಳು. ತುಂಬ ಹೊತ್ತು ಸೌದೆಯ ತುಂಡನ್ನು ಕೆದಕಿ, "ದೊಡ್ಡಮ್ಮ, ಅಪ್ಪ ಕಡಸಿಗೆ ಔಷಧಿ ಹಾಕಿ ಡಬ್ಬೀನ ದೊಣೇಲಿ ತೊಳೆದ. ನಾನು ಮೇಲೇ ಇದ್ದೆ, ಕುರಿ ಹುಡುಕ್ತಾ ಹೋಗಿದ್ದೆ. ಹೇಳ್ಬೇಕಿತ್ತು. ಮಾರನೇ ದಿನ ಹೇಳಣ ಅಂದ್ಕೊಂಡೆ" ಅಂದಳು. ಅಷ್ಟು ಹೇಳಿ ಬಿಕ್ಕತೊಡಗಿದಳು.

ಓಬಳಮ್ಮ ಆಗಲೇ ಎದ್ದು ಪಕ್ಕದ ಮನೆಗೆ ಹೋದಳು. ರಾಮಾಂಜಿನಪ್ಪ ಜಗಲಿಯ ಮೇಲಿದ್ದ.

"ನಾಳೆ ರೇಂಜರು ಬರ್ತಾರಂತೆ. ನೀನೇ ಹೇಳ್ತೀಯಾ, ನಾನು ಹೇಳ್ಲಾ?"

ಅವನು ತಲೆ ಎತ್ತಲಿಲ್ಲ. "ನಿಮಗೋಸ್ಕರ ಮಾಡ್ದೆ ಅತ್ಗೆ. ನೀವು ಆ ಕಡಸನ್ನ ಸವರ್ಕೊಂಡು ಅತ್ತಿದ್ದು ನೋಡಕ್ಕಾಗ್ಲಿಲ್ಲ."

"ಗೊತ್ತು ಕಣಪ್ಪ. ಅದಕ್ಕೇ ನಿನ್ನ ಕೇಳಕ್ಕೆ ಬಂದೆ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶ್ಯಾಮಲಮ್ಮ, "ಮನೆತನದ ಮಾನ ಬೀದೀಗ್ ತರ್ಬೇಡ ಅಕ್ಕ, ಕಾಲಿಗೆ ಬೀಳ್ತೀನಿ" ಅಂದಳು. ಬಿದ್ದಳು ಕೂಡ.

ಮರುದಿನ ರೇಂಜರು ಹನುಮಂತರಾಯಪ್ಪ ಅರಳಿಕಟ್ಟೆಯ ಮೇಲೆ ಕೂತು ಊರನ್ನೆಲ್ಲ ಕರೆಸಿದರು. ಮೀಸಲು ಕಾಡಿನ ನೀರಿಗೆ ವಿಷ ಹಾಕಿದ್ದು ಯಾರು? "ಹೇಳೋರೇ ಇಲ್ಲ ಅಂದ್ರೆ ನಾನೇನ್ ಮಾಡ್ಲಿ? ಇರೋದೊಬ್ಬ ಹುಡುಗ, ಅವನೂ ಹೋದ. ಅವತ್ತು ನಿಮ್ಮ ಮಕ್ಕಳು ಆ ನೀರು ಕುಡಿದಿದ್ರೆ?" ಅಂದರು. ಓಬಳಮ್ಮ ಮೈದುನನ ಕಡೆ ನೋಡಿದಳು. ಅವನು ಕಾಲಬೆರಳಿನಿಂದ ಮಣ್ಣು ಗೀಚುತ್ತಿದ್ದ. ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ನಿಂತು, "ನನ್ನ ಮೈದುನ, ಸ್ವಾಮಿ" ಅಂದಳು.

ರಾಮಾಂಜಿನಪ್ಪ ಕೆಲವು ತಿಂಗಳು ಜೈಲಿನಲ್ಲಿದ್ದ. ಎರಡು ಮನೆಗಳ ನಡುವಿನ ಹಿತ್ತಲಿಗೆ ಶ್ಯಾಮಲಮ್ಮ ಮುಳ್ಳುಬೇಲಿ ಹಾಕಿಸಿದಳು. ಬಾವಿಯ ಹತ್ತಿರ ಹೆಂಗಸರು ಓಬಳಮ್ಮನನ್ನು ಕಂಡರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಕಡಲೆಕಾಯಿ ಕೀಳುವ ಕಾಲ ಬಂದಾಗ ಅವಳು ಎಷ್ಟೋ ಹೊಲಗಳಲ್ಲಿ ದುಡಿದಿದ್ದರೂ ಮುಯ್ಯಾಳಿಗೆ ಒಬ್ಬರೂ ಬರಲಿಲ್ಲ. ನೆಲ ಒಣಗಿ ಗಟ್ಟಿಯಾಗುತ್ತಿತ್ತು. ಒಬ್ಬಳೇ ಕಿತ್ತರೆ ಮುಗಿಯುವ ಮಾತಲ್ಲ.

ಮೂರನೆಯ ದಿನ ಬೆಟ್ಟದ ಕಡೆಯಿಂದ ಮಕ್ಕಳು ಬಂದರು. ಅಂದು ದೊಣೆಯ ಹತ್ತಿರ ಇದ್ದವರೇ. ಅವರೊಳಗೆ ದೊಡ್ಡವನಾದ ಬಯ್ಯಪ್ಪ ಏನೂ ಹೇಳದೆ ಸಾಲು ಹಿಡಿದು ಕೀಳತೊಡಗಿದ. ಆದಿಲಕ್ಷ್ಮಿಯೂ ಬೇಲಿ ನುಸುಳಿ ಬಂದಳು. ಮನೆಯಲ್ಲಿ ಬೈಗುಳ, ಒಬ್ಬಿಬ್ಬರಿಗೆ ಏಟೂ ಬಿತ್ತು. ಆದರೂ ಹೊಲ ಖಾಲಿಯಾಗುವವರೆಗೆ ಬಂದರು.

ಸುಗ್ಗಿ ಮುಗಿದ ಮೇಲೂ ಬರುವುದು ನಿಲ್ಲಲಿಲ್ಲ. ಓಬಳಮ್ಮ ಅವರನ್ನು ಕರೆದುಕೊಂಡು, ಅಂದಿನಿಂದ ಮುಳ್ಳು ಮುಚ್ಚಿಟ್ಟಿದ್ದ ದೊಣೆಯ ನೀರನ್ನೆಲ್ಲ ಬಕೆಟ್ಟಿನಲ್ಲಿ ಎತ್ತಿ, ಬಂಡೆಯಾಚೆಯ ಮಣ್ಣಿನಲ್ಲಿ ಗುಂಡಿ ತೋಡಿ ಇಂಗಿಸಿ, ತಳ ಉಜ್ಜಿದಳು. ಮಳೆ ಬಂದು ತುಂಬಿದ ಮೇಲೂ ಬಹಳ ದಿನ ಯಾರನ್ನೂ ಕುಡಿಯಬಿಡಲಿಲ್ಲ. ಲಕ್ಷ್ಮಯ್ಯ ನಡೆಯುತ್ತಿದ್ದ ದಾರಿಯಲ್ಲೇ ಅವರು ನಡೆದರು. ಉರುಳು ಕಂಡರೆ ಬಿಚ್ಚಿದರು, ಹೊಗೆ ಕಂಡರೆ ಮಂಡಿಕಲ್ಲಿಗೆ ಓಡಿ ಸುದ್ದಿ ಮುಟ್ಟಿಸಿದರು. ಹನುಮಂತರಾಯಪ್ಪನವರು ಒಮ್ಮೆ ಬಂದು, ಮಕ್ಕಳನ್ನೂ ಬೆಟ್ಟವನ್ನೂ ನೋಡಿ, "ಗಾರ್ಡು ಬರೋವರ್ಗೂ ನೀವೇ ಕಣಮ್ಮ ನಮ್ಮ ಗಾರ್ಡು" ಎಂದು ಹೋದರು. ಗಾರ್ಡು ಬರಲು ಎರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ರಾಮಾಂಜಿನಪ್ಪ ಮನೆಗೆ ಬಂದಿದ್ದ. ಯಾರೊಡನೆಯೂ ಮಾತಿಲ್ಲ. ಅರವತ್ತಾರರ ಬೇಸಿಗೆಯಲ್ಲಿ ಅವನ ಕರಾವಿನ ಹಸುವನ್ನೇ ಚಿರತೆ ಹೊಡೆಯಿತು. ಅವನು ಔಷಧಿ ಡಬ್ಬಿಗೆಂದು ಅಟ್ಟ ಹತ್ತಿದ್ದನ್ನು ಕಂಡವರು ಓಬಳಮ್ಮನಿಗೆ ಬಂದು ಹೇಳಿದರು. ಹೇಳಿದ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು.

ಅವನು ಡಬ್ಬಿ ಹಿಡಿದು ಬೆಟ್ಟ ಹತ್ತಿದಾಗ ಹೊತ್ತು ಇಳಿಯುತ್ತಿತ್ತು. ಸತ್ತ ಹಸುವಿನ ಸುತ್ತ ಮಕ್ಕಳು ಕೂತಿದ್ದರು. ಮುಂದೆ ಓಬಳಮ್ಮ, ಪಕ್ಕದಲ್ಲಿ ಅವನ ಮಗಳು.

"ಏಳು, ಮನೆಗ್ ನಡಿ" ಎಂದ ಮಗಳಿಗೆ.

ಆದಿಲಕ್ಷ್ಮಿ ಏಳಲಿಲ್ಲ. "ಹಾಕೋದಾದ್ರೆ ನಮ್ಮ ಮುಂದೇನೇ ಹಾಕಪ್ಪ" ಅಂದಳು.

ಪೊದೆಗಳಾಚೆ ಎಲ್ಲೋ ಒಣ ಎಲೆ ಸರಕ್ಕೆಂದಿತು. ಚಿಕ್ಕ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡರು. ರಾಮಾಂಜಿನಪ್ಪ ಆ ಸದ್ದಿನ ಕಡೆ ನೋಡಿದ, ಮಕ್ಕಳ ಕಡೆ ನೋಡಿದ. ಡಬ್ಬಿಯ ಮುಚ್ಚಳದ ಮೇಲಿನ ಅವನ ಬೆರಳು ಬೆಳ್ಳಗಾಗಿತ್ತು. ಕತ್ತಲು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು.

"ಎಲ್ರೂ ಏಳಿ" ಅಂದ ಕೊನೆಗೆ. "ಅದು ಇಲ್ಲೇ ಇದೆ. ನಾನ್ ಹಿಂದ್ಗಡೆ ಬರ್ತೀನಿ, ನೀವ್ ಮುಂದೆ ನಡೀರಿ."

ಓಬಳಮ್ಮ ಅವನ ಕೈಯನ್ನೇ ನೋಡುತ್ತ ಎದ್ದಳು. ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಮಕ್ಕಳನ್ನು ಮುಂದೆ ಬಿಟ್ಟು, ತಾನು ಅವನ ಪಕ್ಕದಲ್ಲೇ ಇಳಿದಳು. ಆ ಡಬ್ಬಿಯನ್ನು ಅವನು ಎಲ್ಲಿಟ್ಟನೋ ಆಕೆಗೆ ಕಡೆಯವರೆಗೂ ತಿಳಿಯಲಿಲ್ಲ. ಅಂದಿನಿಂದ ಬೇಸಿಗೆ ಬಂತೆಂದರೆ ದಿನಾ ಬೆಳಗಾಗುವುದರೊಳಗೆ ದೊಣೆಯ ಹತ್ತಿರ ಹೋಗಿ, ಬಗ್ಗಿ, ನೀರು ಮೂಸಿ ನೋಡಿಯೇ ಅವಳು ಕುರಿ ಮೇಯಿಸುವ ಮಕ್ಕಳನ್ನು ಮೇಲಕ್ಕೆ ಬಿಡುತ್ತಿದ್ದುದು.

ಬಯ್ಯಪ್ಪ ಮುಂದೆ ಅರಣ್ಯ ಇಲಾಖೆಗೆ ಸೇರಿದ. ಆದಿಲಕ್ಷ್ಮಿಯನ್ನು ಜಂಗಮಕೋಟೆಗೆ ಕೊಟ್ಟರು. ಮದುವೆಯ ಹಿಂದಿನ ದಿನ ರಾಮಾಂಜಿನಪ್ಪ ಕುಡುಗೋಲು ತಂದು ಹಿತ್ತಲಿನ ಮುಳ್ಳುಬೇಲಿಯನ್ನು ಒಬ್ಬ ಮನುಷ್ಯ ದಾಟುವಷ್ಟು ಕಡಿದ. ಹೆಂಡತಿ ಏನು ಅಂದರೂ ಕೈ ನಿಲ್ಲಿಸಲಿಲ್ಲ. ಓಬಳಮ್ಮ ಆ ಸಂದಿಯಲ್ಲಿ ಹಾದು, ಅರಿಶಿನ ಅರೆಯಲು ಹೋದಳು.