ಆಯಿಲ್‌ನಲ್ಲಿ ನೀರು ಬಂದದ್ದು ಎಲ್ಲಿಂದ

ಆಗ ನನಗೆ ಎಪ್ಪತ್ತೊಂದು. ಐದು ವರ್ಷ ಹಿಂದಿನ ಮಾತು. ಈಗಲೂ ನೆನೆಸಿದರೆ ಮೈ ಉರಿಯುತ್ತದೆ. ನಾನು ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು ಸರಿಮಾಡಿಕೊಂಡು ಓದಲಿ.

ಚೆಂಬೂರಿನಲ್ಲಿ ನಮ್ಮದು ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗ್. ನಮ್ಮ ಮೇಲಿನ ಮಾಳಿಗೆಯಲ್ಲಿ ಮೈಸೂರು ಕಡೆಯವರೊಬ್ಬರು ಇದ್ದರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಅವರ ಹತ್ತಿರ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಅಂಟಿದ ಹಾಗೆ ಕೂತಿರುತ್ತಿತ್ತು. ನನ್ನ ಮಗನಷ್ಟೇ ವಯಸ್ಸು ಅದಕ್ಕೆ. ಕಿಲೋಮೀಟರ್ ತೋರಿಸುವ ಮೀಟರ್ ಯಾವತ್ತೋ ಸತ್ತಿತ್ತು, ಎಂಜಿನ್ ಮಾತ್ರ ಗಡಿಯಾರದ ಹಾಗೆ ಓಡುತ್ತಿತ್ತು. ಅವರು ಪುಣೆಗೆ ಮಗಳ ಮನೆಗೆ ಹೋಗುವಾಗೆಲ್ಲ ಕೀಲಿ ನಮ್ಮ ಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಭಾನುವಾರ ನಾನು ಕೆಳಗೆ ಹೋಗಿ ಕಾರು ಸ್ಟಾರ್ಟ್ ಮಾಡಿ, ಬಿಸಿಯ ಮುಳ್ಳು ನೋಡುತ್ತ ಹತ್ತು ನಿಮಿಷ ಕೂತು, ಬಂದ್ ಮಾಡಿ ಬರಬೇಕು. ಓಡಿಸಲು ನನಗೆ ಬರುವುದಿಲ್ಲ. ಆದರೆ ಆಯಿಲ್ ಕಡ್ಡಿ ಎಳೆದು ನೋಡುವುದು, ರೇಡಿಯೇಟರಿನ ಮುಚ್ಚಳ ತೆಗೆಯುವುದು, ಪ್ಲಗ್ ಬಿಚ್ಚುವುದು, ಇದೆಲ್ಲ ಅವರೇ ಕಲಿಸಿದ್ದರು. ಮೂವತ್ತು ವರ್ಷ ಹೋಟೆಲಿನ ಗ್ರೈಂಡರ್ ಪಕ್ಕ ನಿಂತವಳಿಗೆ ಮಿಷನ್ನು ಸುಖದಲ್ಲಿದೆಯೋ ಕಷ್ಟದಲ್ಲಿದೆಯೋ ಎಂದು ಕಿವಿಗೇ ತಿಳಿಯುತ್ತದೆ.

ಆ ಸಲ ಅವರು ಮೊಣಕಾಲಿನ ಆಪರೇಷನ್‌ಗೆಂದು ಹೋಗಿದ್ದರು. ಒಂದು ಭಾನುವಾರ ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿಕೊಳ್ಳಲಿಲ್ಲ. ಮೂರನೇ ಸಲಕ್ಕೆ ಹತ್ತಿಕೊಂಡಿತು, ಆದರೆ ಮಲೇರಿಯಾ ಬಂದವರ ಹಾಗೆ ನಡುಗುತ್ತಿತ್ತು. ಹಿಂದಿನ ಪೈಪಿನಿಂದ ಬಿಳಿ ಹೊಗೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ತಕ್ಷಣ ಬಂದ್ ಮಾಡಿದೆ. ಆಯಿಲ್ ಕಡ್ಡಿ ಎಳೆದರೆ ತುದಿಯಲ್ಲಿ ಕಪ್ಪು ಎಣ್ಣೆ ಇಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣದ ಗಸಿ. ಎಣ್ಣೆಯಲ್ಲಿ ನೀರು ಸೇರಿದೆ ಎಂದು ಹೇಳಲು ಯಾವ ಮೆಕ್ಯಾನಿಕ್ಕೂ ಬೇಕಿರಲಿಲ್ಲ.

ನಾನು ಬೊಬ್ಬೆ ಹಾಕಿದ್ದು ಕೇಳಿ ಮಗ ಇಳಿದು ಬಂದ. ನಲವತ್ತನಾಲ್ಕು ವರ್ಷದವನು, ನಮ್ಮ ಸಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು. ಕಡ್ಡಿ ನೋಡಿದ. ಗಾಡಿ ತೊಳೆಯುವವನ ಕೆಲಸ ಇದು ಅಂದ. ಬುಧವಾರ ಅವನು ಬಾನೆಟ್ ಎತ್ತಿ ನೀರು ಹಾಕುತ್ತಿದ್ದದ್ದನ್ನು ತಾನು ಕಣ್ಣಾರೆ ಕಂಡೆ, ರೇಡಿಯೇಟರ್ ಅಂದುಕೊಂಡು ಆಯಿಲ್ ಹಾಕುವ ತೂತಿಗೆ ಸುರಿದಿರಬೇಕು ಅಂದ.

ನಾನು ನಂಬಿದೆ. ಯಾಕೆ ನಂಬಿದೆ ಎಂದು ಕೇಳಿದರೆ ಒಂದೇ ಉತ್ತರ, ಅವನು ನನ್ನ ಮಗ. ಗಾಡಿ ತೊಳೆಯುವವನು ಐವತ್ತು ದಾಟಿದ ಮನುಷ್ಯ. ರೈಲು ಪಟ್ಟಿಯ ಆಚೆ ಒಂದು ಖೋಲಿಯಲ್ಲಿ ಹೆಂಡತಿಯ ಜೊತೆ ಇದ್ದ. ನಮ್ಮ ಬಿಲ್ಡಿಂಗಿನ ಹನ್ನೊಂದು ಗಾಡಿ, ಅದೇ ಅವನ ಊಟ. ಸೋಮವಾರ ಬೆಳಿಗ್ಗೆ ಅವನು ಬಕೆಟ್ ಹಿಡಿದು ಬರುವಾಗ ಗೇಟಿನಲ್ಲೇ ಹಿಡಿದು, ಆಫೀಸಿಗೆ ಹೋಗುವವರೆಲ್ಲ ನಿಂತು ನೋಡುವ ಹಾಗೆ ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಅಂದದ್ದು ಇಷ್ಟೇ. "ಆಜಿ, ಮೀ ನಾಹೀ ಕೇಲಂ." ನಾನು ಮಾಡಿಲ್ಲ ಅಜ್ಜಿ ಎಂದು. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಮೇಲಿನಿಂದ ಇಳಿದು ಬಂದು, ನಾಳೆಯಿಂದ ಒಳಗೆ ಬರಬೇಡ ಅಂದುಬಿಟ್ಟರು. ಮಗ ಪಕ್ಕದಲ್ಲೇ ನಿಂತಿದ್ದ. ಮೊಬೈಲ್ ನೋಡುತ್ತಿದ್ದ.

ಬುಧವಾರ ಮಧ್ಯಾಹ್ನ ಎಂಜಿನಿಯರಿಗೆ ಫೋನ್ ಮಾಡಿದೆ. ಮೂರು ದಿನ ತಡೆದದ್ದು ಹೆದರಿಕೆಯಿಂದಲೇ. ಆಪರೇಷನ್ ಆದವರಿಗೆ ಇದನ್ನು ಹೇಳುವುದು ಹೇಗೆ ಎಂದು. ಅವರು ಕೂಗಾಡಲಿಲ್ಲ. ಡಾಕ್ಟರು ಕೇಳುವ ಹಾಗೆ ಒಂದೊಂದೇ ಕೇಳಿದರು. ಯಾವ ಬಣ್ಣ, ಎಷ್ಟು ಹೊಗೆ, ಹೊಗೆಗೆ ಏನಾದರೂ ವಾಸನೆ ಇತ್ತೇ. ತೊಳೆಯುವವನ ವಿಷಯವನ್ನೂ ಹೇಳಿದೆ.

"ಯಾರ ಮೇಲೂ ತಪ್ಪು ಹೊರಿಸುವುದು ಬೇಡ ಅಕ್ಕ, ಮೊದಲು ನೋಡೋಣ" ಅಂದರು. "ಮೇಲಿನಿಂದ ಸುರಿದಿದ್ದರೆ ರೇಡಿಯೇಟರ್ ತುಂಬಿಯೇ ಇರಬೇಕು. ಅಲ್ಲಿಯ ನೀರಿಗೆ ಏನಾಗಬೇಕು ಹೇಳಿ? ಹೋಗಿ ಮುಚ್ಚಳ ತೆಗೆಯಿರಿ."

ಫೋನ್ ಹಿಡಿದುಕೊಂಡೇ ಕೆಳಗೆ ಹೋದೆ. ಎಂಜಿನ್ ತಣ್ಣಗಿತ್ತು. ಮುಚ್ಚಳ ತೆಗೆದು ಬೆರಳು ಇಳಿಸಿದರೆ ನೀರು ಸಿಗಲಿಲ್ಲ. ಪೊರಕೆಯ ಒಂದು ಕಡ್ಡಿ ಇಳಿಸಿದೆ, ಅದೂ ಒಣಗಿಯೇ ಬಂತು. ಎರಡು ದೊಡ್ಡ ಬಾಟಲಿ ನೀರು ಹಿಡಿಯಿತು.

ಈಗ ಪ್ಲಗ್ ಬಿಚ್ಚಿ ಅಂದರು. ಅವರ ಸ್ಪ್ಯಾನರಿನಿಂದ ನಾಲ್ಕೂ ಬಿಚ್ಚಿ ಸೀರೆಯ ಸೆರಗಿನ ಮೇಲೆ ಸಾಲಾಗಿ ಇಟ್ಟೆ. ಮೂರು ಕಂದು ಮಸಿ ಹಿಡಿದಿದ್ದವು. ಮೂರನೇ ಜಾಗದಿಂದ ಬಂದದ್ದು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಹೊಳೆಯುತ್ತಿತ್ತು. ಒಳಗೆ ಆವಿ ತಗಲಿ ತೊಳೆದಿದೆ ಎಂದರು ಅವರು. ಕೊನೆಯದಾಗಿ ಪ್ಲಗ್ ವಾಪಸು ಹಾಕಿಸಿ, ರೇಡಿಯೇಟರಿನ ಮುಚ್ಚಳ ತೆರೆದೇ ಇಡಿಸಿ, ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಲು ಹೇಳಿದರು. ಗೇಟಿನ ವಾಚ್‌ಮನ್ನನ್ನು ಕರೆದೆ, ಅವನು ಕೀಲಿ ತಿರುಗಿಸಿದ. ನಾನು ನೀರು ನೋಡುತ್ತ ನಿಂತೆ. ನೀರು ಇನ್ನೂ ತಣ್ಣಗಿದೆ, ಆದರೂ ಕೊತಕೊತ ಗುಳ್ಳೆ. ನಿಲ್ಲುವುದೇ ಇಲ್ಲ. ಮೂಗು ಹತ್ತಿರ ಒಯ್ದರೆ ಸುಟ್ಟ ಪೆಟ್ರೋಲಿನ ನಾತ.

ಇದನ್ನೂ ಫೋನಿನಲ್ಲಿ ಹೇಳಿದೆ.

"ಗ್ಯಾಸ್ಕೆಟ್ ಸುಟ್ಟಿದೆ ಅಕ್ಕ, ನೀರು ಎಣ್ಣೆ ಒಂದಕ್ಕೊಂದು ಸೇರದ ಹಾಗೆ ನಡುವೆ ಇಡುವ ಹಾಳೆ. ಎಂಜಿನ್ನಿನ ತಲೆಯೂ ಸೊಟ್ಟಗಾಗಿರಬೇಕು, ಬಿರುಕೂ ಬಿಟ್ಟಿರಬಹುದು. ಮೇಲಿನಿಂದ ನೀರು ಸುರಿದರೆ ಹೀಗಾಗಲ್ಲ. ನೀವು ನಿಂತ ಜಾಗದಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೂ ಆಗಲ್ಲ. ಇದು ರಸ್ತೆಯಲ್ಲಿ ಕಾದು ಕೆಂಪಾದ ಎಂಜಿನ್ನಿಗೆ ತಣ್ಣೀರು ಬಿದ್ದು ಆಗಿರೋದು."

ಕೀಲಿ ಎಲ್ಲಿತ್ತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ಇನ್ನೂ ಒಳ್ಳೆಯದಿತ್ತು.

ಮಗ ಮೂರೂವರೆಗೆ ಊಟ ಮುಗಿಸಿ ಮಲಗಲು ಬರುವವನು. ಆ ದಿನ ಬಾಗಿಲಲ್ಲೇ ಹಿಡಿದೆ. ಚಪ್ಪಲಿ ಬಿಡಲೂ ಬಿಡಲಿಲ್ಲ.

"ಕಾರು ಎಲ್ಲಿಗೆ ಕೊಂಡುಹೋದದ್ದು ನೀನು?"

"ಯಾವ ಕಾರು?"

"ಇನ್ನೊಂದು ಸಲ ಯಾವ ಕಾರು ಅಂತ ಕೇಳು, ನೋಡುವ."

ಅವನಿಗೆ ನನ್ನ ಕೈ ಗೊತ್ತುಂಟು. ಬಾಂದ್ರಾಕ್ಕೆ ಅಂದ. ಶಾಲೆಯಲ್ಲಿ ಜೊತೆಗಿದ್ದ ಗೆಳೆಯನೊಬ್ಬ ದುಬೈನಿಂದ ಬಂದಿದ್ದನಂತೆ, ಅವನ ಎದುರು ಒಂದು ಸಲ ಆ ಕಾರಿನಿಂದ ಇಳಿಯಬೇಕು ಅನ್ನಿಸಿತಂತೆ. ಗುರುವಾರ ನಾನು ಭಜನೆಗೆ ಹೋದಾಗ ಕೀಲಿ ತೆಗೆದದ್ದು. ವಾಪಸು ಬರುವಾಗ ಸಾಯನ್ ಹತ್ತಿರ ಟ್ರಾಫಿಕ್ಕಿನಲ್ಲಿ ಒಂದು ಗಂಟೆ. ಮುಳ್ಳು ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಹೊಗೆ ಬಂತಂತೆ. ಬದಿಗೆ ನಿಲ್ಲಿಸಿ, ಬಟ್ಟೆ ಸುತ್ತಿ ಮುಚ್ಚಳ ಬಿಚ್ಚಿ, ಆವಿ ಹೋದ ಮೇಲೆ ಎದುರಿನ ಅಂಗಡಿಯ ಫ್ರಿಜ್ಜಿನಿಂದ ನೀರಿನ ಬಾಟಲಿ ತಂದು ಸುರಿದನಂತೆ. ಎಂಜಿನ್ ಓಡುತ್ತಿರುವಾಗಲೇ.

"ಆರಲಿಕ್ಕೆ ಬಿಡಬೇಕಂತ ಗೊತ್ತಿಲ್ವಾ ನಿನಗೆ?"

"ಬಾಯ್ಲರಿಗೆ ಹಾಗೇ ಅಲ್ವಾ ಹಾಕುವುದು, ಅಮ್ಮ? ನೀನೇ ಕಲಿಸಿದ್ದು."

ಅದು ನಿಜ. ಹೋಟೆಲಿನ ಚಹಾದ ಬಾಯ್ಲರಿಗೆ ಪಕ್ಕದಲ್ಲಿ ಗಾಜಿನ ನಳಿಗೆ ಇರುತ್ತದೆ. ಅದರಲ್ಲಿ ನೀರು ಗೆರೆಯಿಂದ ಕೆಳಗೆ ಇಳಿಯಬಾರದು. ಕುದಿಯುತ್ತಿರಲಿ, ಗಿರಾಕಿ ಕಾಯುತ್ತಿರಲಿ, ಇಳಿದ ಕೂಡಲೇ ಹಿತ್ತಾಳೆ ಚೊಂಬಿನಿಂದ ಸುರಿ, ಉರಿ ನಿಲ್ಲಿಸಬೇಡ ಎಂದು ಹತ್ತು ವರ್ಷದವನಾಗಿದ್ದಾಗ ಅವನಿಗೆ ಹೇಳಿಕೊಟ್ಟದ್ದು ನಾನೇ. ತಾಮ್ರದ ಬಾಯ್ಲರ್ ಅದನ್ನು ತಾಳಿಕೊಳ್ಳುತ್ತದೆ. ಅವನ ಕೈ ತನ್ನಷ್ಟಕ್ಕೆ ಅದೇ ಮಾಡಿದೆ. ಕಾರು ಕೆಡಿಸಿದ್ದನ್ನು ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೋ ಏನೋ. ಗೊತ್ತಿಲ್ಲದವನು, ಮಾಡಿದ ಅಂತ.

"ಸರಿ, ಅದು ನಾನು ಕಲಿಸಿದ್ದು. ಗೇಟಿನ ಹತ್ತಿರ ಮೊಬೈಲ್ ನೋಡ್ತಾ ನಿಂತದ್ದು ಯಾರು ಕಲಿಸಿದ್ದು?"

ತೊಳೆಯುವವನಿಗೆ ಬೇರೆ ಬಿಲ್ಡಿಂಗ್ ಸಿಗ್ತದೆ ಅಮ್ಮ, ಇವರಿಗೆಂತ, ಎಲ್ಲಾ ಕಡೆ ಗಾಡಿ ಉಂಟಲ್ಲ ಅಂದ. ಆಗ ಹೊಡೆದೆ. ನಲವತ್ತನಾಲ್ಕು ವರ್ಷದವನಿಗೆ ಹೊಡೆಯಬಾರದು ಎಂದು ಹೇಳುವವರು ಹೇಳಲಿ. ನನಗೆ ಅದರಲ್ಲಿ ಇವತ್ತಿಗೂ ಬೇಸರವಿಲ್ಲ. ಬೇಸರ ಇರುವುದು ಸೋಮವಾರ ನಾನು ಆಡಿದ ಮಾತಿನ ಬಗ್ಗೆ. ಅವನು ಸುಳ್ಳು ಹೇಳಿದ, ನಾನು ಅದನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಕೆಲಸ ಹೋದದ್ದು ನನ್ನ ಬಾಯಿಯಿಂದ.

ಸಂಜೆ ಪುಣೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಸೆಕ್ರೆಟರಿಯ ಮನೆಗೆ ಹೋದೆ. ಅವರು ಟಿವಿಯ ಶಬ್ದ ಕಡಿಮೆ ಮಾಡಿ ಕೇಳಿಕೊಂಡರು. ನಾಳೆಯಿಂದ ಬರಲಿ ಬಿಡಿ, ಇದನ್ನು ದೊಡ್ಡದು ಮಾಡುವುದು ಬೇಡ, ನಿಮ್ಮ ಮನೆಯ ಮರ್ಯಾದೆ ಅಂದರು. ಮರ್ಯಾದೆಯ ಮಾತು ಅವರ ಬಾಯಿಂದ ಕೇಳಿ ಇನ್ನಷ್ಟು ಸಿಟ್ಟು ಬಂತು. ಸೋಮವಾರ ಇನ್ನೊಬ್ಬನ ಮರ್ಯಾದೆ ಅವರಿಗೆ ನೆನಪಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ರೈಲು ಪಟ್ಟಿಯ ಆಚೆ ಹೋದೆ. ಗಾಡಿ ತೊಳೆಯುವವನು ಸಾರ್ವಜನಿಕ ನಲ್ಲಿಯ ಹತ್ತಿರ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದ. ಕಾರು ಕೆಡಿಸಿದ್ದು ನನ್ನ ಮಗ, ನೀನಲ್ಲ, ಸೆಕ್ರೆಟರಿಗೆ ಹೇಳಿದ್ದೇನೆ, ಕೆಲಸಕ್ಕೆ ಬಾ ಎಂದೆ. ಅವನು ಕೊಡ ತುಂಬಿಸಿ ಪಕ್ಕಕ್ಕೆ ಇಟ್ಟ. ಆಮೇಲೆ ಮರಾಠಿಯಲ್ಲಿ, ಸಿಟ್ಟಿಲ್ಲದೆ ಹೇಳಿದ. ಆಜಿ, ನೀವು ಬೈದದ್ದು ಎಲ್ಲರ ಎದುರು. ಅಲ್ಲ ಅನ್ನುವುದು ಇಲ್ಲಿ ನಲ್ಲಿಯ ಹತ್ತಿರ ಬಂದು. ಒಳಗೆ ಬಂದರೆ ಹನ್ನೊಂದು ಮನೆಯವರೂ ನನ್ನ ಕೈಯನ್ನೇ ನೋಡುತ್ತಾರೆ.

ಅವನ ಮಾತು ಸರಿಯಾಗಿತ್ತು. ಎಂಟು ಗಂಟೆಗೆ ಗೇಟಿನ ಹತ್ತಿರ ಬಂದು ನಿಲ್ಲು ಎಂದು ಹೇಳಿ ಮನೆಗೆ ಬಂದೆ. ಮಗ ಆ ದಿನ ಹೋಟೆಲಿಗೆ ಬೇಗ ಹೊರಟು ನಿಂತಿದ್ದ. ಅವನ ಸ್ಕೂಟರಿನ ಕೀಲಿ ಕಿತ್ತುಕೊಂಡು ರವಿಕೆಯೊಳಗೆ ಹಾಕಿಕೊಂಡೆ. ಎಂಟಕ್ಕೆ ಆಫೀಸಿನವರು ಬ್ಯಾಗ್ ಹಿಡಿದು ಇಳಿಯುವ ಹೊತ್ತಿಗೆ ಅವನ ತೋಳು ಹಿಡಿದು ಕೆಳಗೆ ಎಳೆದು ತಂದೆ. ಗೇಟಿನ ಆಚೆ ಗಾಡಿ ತೊಳೆಯುವವನು ಬಕೆಟ್ ಹಿಡಿದು ನಿಂತಿದ್ದ. ತಪ್ಪು ಇವನದಲ್ಲ ಎಂದು ಮೊದಲು ನಾನು ಹೇಳಿದೆ, ಸೋಮವಾರದಷ್ಟೇ ದೊಡ್ಡ ಸ್ವರದಲ್ಲಿ. ಆಮೇಲೆ, ಇನ್ನು ನೀನು ಹೇಳು ಎಂದು ಮಗನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ತಳ್ಳಿದೆ.