ಬಾಗಿಲು ಹಾಕಿದವನ ಹೆಸರು

ಸಿಟ್ಟು ಬಂದರೆ ವೈನಿ ದನಿ ಏರಿಸುತ್ತಿರಲಿಲ್ಲ. ಮೂಗಿನ ಹೊಳ್ಳೆ ಅರಳಿ, ಮೂಗುತಿಯ ಕೆಂಪು ಹರಳು ಸಣ್ಣಗೆ ಅಲುಗುತ್ತಿತ್ತು. ಎದುರಿಗೆ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದ ನನಗೆ ಆ ಹರಳೇ ಸೂಚನೆ.

ನಾವಾಗ ಇನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಮೆಣಸಗಿಯಿಂದ ರೋಣಕ್ಕೆ ಸೊಸೆಯಾಗಿ ಬಂದ ನನಗೆ ಅಕ್ಷರ ಗೊತ್ತಿರಲಿಲ್ಲ. ಅತ್ತಿಗೆಯೆಂಬ ಸಲಿಗೆಯಲ್ಲಿ ನಾನು ವೈನಿ ಎನ್ನುತ್ತಿದ್ದದ್ದು ಪಕ್ಕದ ಮನೆಯ ಹತ್ತಿ ವ್ಯಾಪಾರಿಯ ಹೆಂಡತಿಗೆ. ನರಗುಂದದ ತವರಿನಲ್ಲಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು. ಅವರ ಅಣ್ಣ ಕಳಿಸುವ ಮಾಸಪತ್ರಿಕೆಗಳಷ್ಟೇ ಆ ದೊಡ್ಡ ಮನೆಯಲ್ಲಿ ಅವರವು. ಮಧ್ಯಾಹ್ನ ನಾವು ಓಣಿಯ ಹೆಂಗಸರು ಅವರ ಮನೆಯಲ್ಲಿ ಕೂಡಿ ಕೌದಿ ಹೊಲಿಯುತ್ತಿದ್ದರೆ ಅವರು ಕತೆ ಓದುವರು, ಓದಿ ಮುಗಿಸಿ ಬೈಯುವರು.

“ಕತಿ ಬರಿಯೋ ಗಂಡಸ್ರಿಗೆ ಹೆಂಗಸು ನಿಂತಿದ್ದು ನೋಡಾಕ ಆಗೂದಿಲ್ಲವಾ. ಇಲ್ಲಾ ಬಾವ್ಯಾಗ ಬೀಳಬೇಕು, ಇಲ್ಲಾ ಕಾಲಿಗೆ ಬೀಳಬೇಕು.”

ಒಂದು ದಿನದ ಕತೆಯ ನಾಯಕನಿಗೆ ಅವರ ಗಂಡನದೇ ಹೆಸರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದಲ್ಲ! ಹೆಸರು ಬಂದಲ್ಲೆಲ್ಲ ಬೆರಳಿಟ್ಟು ನನ್ನ ಕಡೆ ನೋಡುವರು. ನಾನು ಆ ಹೆಸರು ಹೇಳಿದ ಮೇಲೆ ಓದು ಮುಂದಕ್ಕೆ. ನಮಗೋ ನಗು ತಡೆಯದು. ಕತೆಯಲ್ಲಿ ಅವನು ಯಾರದೋ ಚಾಡಿ ನಂಬಿ ಹೆಂಡತಿಯನ್ನು ಉರಿಬಿಸಿಲಿಗೆ ನೂಕಿ ಬಾಗಿಲು ಹಾಕುತ್ತಾನೆ. ಸಂಜೆ ತೆಗೆದರೆ ಅವಳು ಅಲ್ಲೇ ಕೂತಿದ್ದಾಳೆ. ಎದ್ದು ಕಾಲಿಗೆ ಬೀಳುತ್ತಾಳೆ. ಬರೆದವರು ಅವಳನ್ನು ದೇವತೆ ಮಾಡಿ ಕೈತೊಳೆದುಕೊಂಡಿದ್ದರು.

ವೈನಿಯ ಅತ್ತೆ ಕಣ್ಣೊರೆಸಿಕೊಂಡರು. “ಹೆಂಗಸಂದ್ರ ಹಿಂಗಿರಬೇಕು.”

ಹರಳು ಅಲುಗಿತು. “ಇಲ್ರಿ ಅತ್ತಿ. ಕಾಲಿಗೆ ಬೀಳಬೇಕಾದಾಂವ ಅಂವ,” ಎಂದವರೇ ಆ ಹೆಸರನ್ನು ಸ್ಪಷ್ಟವಾಗಿ ಹೇಳಿಬಿಟ್ಟರು.

ಅತ್ತೆ ಸೂಜಿ ಕೆಳಗಿಟ್ಟರು. “ಗಂಡನ ಹೆಸರು ಹಿಡದ್ಯಲ್ಲ!”

“ಕತಿಯಾಗಿನವನ ಹೆಸರ್ರಿ.”

ಯಾರೂ ನಂಬಲಿಲ್ಲ. ನಿಜ ಹೇಳುತ್ತೇನೆ, ನಾನೂ ನಂಬಲಿಲ್ಲ.

ಸಂಜೆಯೊಳಗೆ ಮಾತು ಪೇಟೆ ಮುಟ್ಟಿತು. ವೈನಿಯ ಯಜಮಾನರು ಕೆಟ್ಟವರಲ್ಲ, ಹೆಂಡತಿಯ ಮೇಲೆ ಎಂದೂ ಕೈಯೆತ್ತಿದವರಲ್ಲ. ಆದರೆ ಅಂಗಡಿ ಕಟ್ಟೆಯ ನಗೆಯನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ. “ನಾಲ್ಕು ಮಂದ್ಯಾಗ ಮೀಸಿ ಹೊತ್ತು ನಾ ಹ್ಯಾಂಗ ತಿರಗಲಿ?” ಎಂದದ್ದು ಗೋಡೆಯಾಚೆ ನನಗೂ ಕೇಳಿಸಿತು. ಪತ್ರಿಕೆಗಳೆಲ್ಲ, ಆಮೇಲೆ ಬಂದವೂ ಕೂಡ, ಟ್ರಂಕು ಸೇರಿದವು, ಕೀಲಿ ಅವರ ಉಡಿದಾರ ಸೇರಿತು. ವರ್ಷದೊಳಗೆ ಸಿಟ್ಟೇನೋ ಇಳಿಯಿತು. ಕೀಲಿ ಕೊಟ್ಟರೆ ಜನ ಮತ್ತೆ ನಕ್ಕಾರೆಂದು ಕೊಡಲಿಲ್ಲ. ಆ ಮೀಸೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಓದಲು ಏನೂ ಉಳಿಯದಾಗ ವೈನಿ ನನಗೆ ಓದು ಕಲಿಸಿದರು. ಕೌದಿಯ ಹಿಂಬದಿಗೆ ಬಿಳಿ ದಾರದಲ್ಲಿ ಒಂದೊಂದೇ ಅಕ್ಷರ ಹೊಲಿದು ತೋರಿಸುವರು. ನಾನು ಕಲಿತ ಮೇಲೆ ದಾರ ಕೀಳುವರು. “ಎಷ್ಟು ಸಲ ಬಿಚ್ಚತೀಯವಾ?” ಎಂದು ಅತ್ತೆ ಗದರಿದರೆ, “ಹೊಲಿಗಿ ಸೊಟ್ಟ ಆತ್ರಿ,” ಎನ್ನುವರು. ಆ ಒಂದು ಕೌದಿ ಮುಗಿಯಲು ಎರಡು ವರ್ಷ ಹಿಡಿಯಿತು.

ನಾನು ಕೂಡಿಸಿ ಓದುವಂತಾದ ದಿನ ಮೆಲ್ಲಗೆ ಹೇಳಿದರು: “ಮುಂದ ನೀ ಆ ಕತಿ ತಿದ್ದಿ ಬರಿ. ಅಂವ ಬಾಗಿಲಾ ತಗದಾಗ ಆಕಿ ಅಲ್ಲಿ ಇರಬಾರದು.”

“ಎಲ್ಲಿಗೆ ಹೋದಳ್ರಿ ವೈನಿ?”

ವೈನಿ ದಾರವನ್ನು ಹಲ್ಲಿನಿಂದ ಕಡಿದರು. “ನಂಗೇನ ಗೊತ್ತವಾ? ನಾ ಹೋಗೇ ಇಲ್ಲಲ್ಲ.”

ಅವರು ಅದೇ ಮನೆಯಲ್ಲಿ ತೀರಿಕೊಂಡರು. ಅವರು ಕೊಟ್ಟ ಅಕ್ಷರದಿಂದಲೇ ನಾನು ಕತೆ ಬರೆಯುವವಳಾದೆ. ವೈನಿ ತಿದ್ದಲು ಹೇಳಿದ ಅದೊಂದು ಕತೆ ಮಾತ್ರ ಆಗಿಲ್ಲ. ಪ್ರತಿ ಸಲ ಆ ಹೆಂಗಸನ್ನು ಮುಚ್ಚಿದ ಬಾಗಿಲ ಮುಂದಿನಿಂದ ಎಬ್ಬಿಸಿ ಓಣಿಯ ತುದಿಯವರೆಗೆ ತರುತ್ತೇನೆ. ಮುಂದಿನ ದಾರಿ ತಿಳಿಯುವುದಿಲ್ಲ. ನಾನೂ ಹೋದವಳಲ್ಲ.