ಬಾಣಂತಿ ಕೋಣೆಯ ಪೈಪು

ನಾನು ದೆವ್ವ ಭೂತ ನಂಬುವವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯ ವಿಷಯ ಬಂದಾಗಲೆಲ್ಲ ಎದುರಿನವರ ಬಾಯಿ ಮುಚ್ಚಿಸಿದವಳು. ಇಂಥದ್ದೊಂದು ಕಥೆಯನ್ನು ನೀವು ನನಗೆ ಹೇಳಿದ್ದರೆ ಅರ್ಧದಲ್ಲೇ ತಡೆದು ಅಡ್ಡಪ್ರಶ್ನೆ ಹಾಕುತ್ತಿದ್ದೆ. ಆದರೆ ಇದು ನಡೆದದ್ದು ನಮ್ಮ ಮನೆಯಲ್ಲಿ, ಹೋದ ಮಳೆಗಾಲದ ಕೊನೆಗೆ, ನಾನು ಎಚ್ಚರವಿದ್ದಾಗ. ಒಂದು ಮಾತನ್ನೂ ಸೇರಿಸಿಲ್ಲ. ಬಿಟ್ಟಿರಬಹುದು... ಕೆಲವನ್ನು ಬರೆಯಲು ಕೈ ಬರಲಿಲ್ಲ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಹೊಗೆಸೊಪ್ಪಿನ ಊರು. ಮನೆಯ ಹಿಂಗೋಡೆಗೆ ಅಂಟಿಕೊಂಡಂತೆ ನಮ್ಮ ಬ್ಯಾರನ್ ಇದೆ, ಸೊಪ್ಪು ಬೇಯಿಸುವ ಎತ್ತರದ ಕಟ್ಟಡ. ಹೊರಗಡೆ ಒಲೆ, ಒಳಗಡೆ ನೆಲದುದ್ದಕ್ಕೂ ಸುತ್ತುವ ದಪ್ಪ ತಗಡಿನ ಪೈಪು. ಸೌದೆಯ ಹೊಗೆ ಪೈಪಿನೊಳಗೇ ಹರಿದು ಚಿಮಣಿಯಿಂದ ಆಚೆ ಹೋಗುತ್ತದೆ, ಪೈಪಿನ ಕಾವಷ್ಟೇ ಸೊಪ್ಪಿಗೆ. ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಹದಕ್ಕೆ ಬರುವ ತನಕ ಹಗಲೂ ರಾತ್ರಿ ಆರಬಾರದು. ನಡುವೆ ಆರಿತೋ, ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗಿ ಹಾಳು.

ಆ ಬೆಂಕಿಯ ಮೇಲೆ ಕಣ್ಣಿಟ್ಟಿರುತ್ತಿದ್ದವಳು ಅವ್ವ. ಅಪ್ಪ ಸೌದೆ ಒಟ್ಟುವವನು, ಅವ್ವ ಕಾವು ನೋಡುವವಳು. ಬ್ಯಾರನ್ನಿನ ಕಿಂಡಿಗೆ ಟಾರ್ಚು ಬಿಟ್ಟು ನೋಡಿ, "ಬೆಂಕಿ ಒಸಿ ಸಣ್ಣಕ್ಕೆ ಮಾಡಿ" ಎಂದು ಕತ್ತಲಲ್ಲಿ ಮೆಲ್ಲಗೆ ಹೇಳುತ್ತಿದ್ದಳು. ಅಕ್ಕ, ನಾನು ಅರೆನಿದ್ದೆಯಲ್ಲಿ ಆ ದನಿ ಕೇಳಿಕೊಂಡೇ ಬೆಳೆದೆವು. ಇದೆಲ್ಲ ನಡೆಯುವುದಕ್ಕೆ ಹಿಂದಿನ ವರ್ಷ ಅವ್ವ ಎದೆನೋವೆಂದು ಕೂತವಳು ಏಳಲಿಲ್ಲ.

ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ನಗರಕ್ಕೆ. ಹೆರಿಗೆಯಾದ ಮೇಲೆ ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು. ಬಾಣಂತನ ಮಾಡಲು ಅಪ್ಪನ ತಂಗಿ, ನಮ್ಮತ್ತೆ, ಕೋಟೆ ತಾಲ್ಲೂಕಿನ ಕಡೆಯಿಂದ ಬಂದರು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬಾಗಿಲು ಕಿಟಕಿ ಬಂದ್. ಬಾಣಂತಿಗೆ ಗಾಳಿ ತಾಕಬಾರದು.

ಜಿಟಿಜಿಟಿ ಮಳೆ, ಗೋಡೆಯೆಲ್ಲ ತಂಪು. ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಬ್ಯಾರನ್ನಿನ ಹಳೇ ಪೈಪಿನ ತುಂಡುಗಳನ್ನು ಜೋಡಿಸಿ, ಒಲೆಯಿಂದ ಒಂದು ಕವಲು ತೆಗೆದು, ಗೋಡೆ ಕೊರೆದು ಬಾಣಂತಿ ಕೋಣೆಯೊಳಗೆ ತಂದ. ಮಂಚದ ಪಕ್ಕದಲ್ಲೇ ಹಾದು, ಎರಡು ಕಡೆ ಮೊಣಕೈಯಂತೆ ಬಾಗಿ, ಅದೇ ಗೋಡೆಯಿಂದ ಆಚೆ ಹೋಗಿ ಚಿಮಣಿಗೆ ಸೇರುವ ಪೈಪು. ಜೋಡಿಸಿದ ಕಡೆಗೆಲ್ಲ ಮಣ್ಣು ಸಗಣಿ ಮೆತ್ತಿದ್ದ. ಬ್ಯಾರನ್ನಿನ ಸಂದುಗೊಂದಿ ಮುಚ್ಚುವ ಹಾಗೆಯೇ ಕಿಟಕಿಗೂ ಗೋಣಿಚೀಲ ತುರುಕಿದ. ಕಾವು ಒಂದಿಷ್ಟೂ ಪೋಲಾಗಬಾರದು.

ನಾನು ವಾದಕ್ಕಿಳಿದೆ. ಮನೆ ಬೆಚ್ಚಗಿಡುವ ಪೈಪಿಗೆ ಅದರದೇ ಲೆಕ್ಕಾಚಾರ ಇದೆ. ಹೊಗೆ ಒಯ್ಯುವ ದಾರಿಯೇ ಬೇರೆ, ಬಿಸಿಗಾಳಿ ತರುವ ದಾರಿಯೇ ಬೇರೆ ಇರಬೇಕು. ದಾರಿ ನೇರ ಇದ್ದಷ್ಟೂ ಒಳ್ಳೆಯದು, ಬಾಗಿದ ಕಡೆ ಹೊಗೆ ತಡೆದು ನಿಂತು ಸಂದಿಯಲ್ಲಿ ಜಿನುಗುತ್ತದೆ. ಕೋಣೆಯ ಗಾಳಿ ಆಚೆ ಹೋಗಲು, ಹೊಸದು ಒಳಗೆ ಬರಲು ಜಾಗ ಬೇಕು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅಪ್ಪ ಬೀಡಿ ಕಚ್ಚಿಕೊಂಡು ನಕ್ಕ. "ಊರಿಗೆಲ್ಲ ಬ್ಯಾರನ್ ಕಟ್ಕೊಟ್ಟಿವ್ನಿ ಕಣವ್ವ ಲಾಯರಮ್ಮ. ಸೊಪ್ಪಿಗೆ ಕಾವು ಕೊಡಕ್ಕೆ ಬತ್ತದೆ, ಮಗೀಗೆ ಕೊಡಕ್ಕೆ ಬರಕಿಲ್ವಾ?"

"ಸೊಪ್ಪು ಉಸಿರಾಡಲ್ಲ ಅಪ್ಪ. ಮಗು ಉಸಿರಾಡ್ತದೆ."

ಅತ್ತೆ ಅಡುಗೆಮನೆಯಿಂದಲೇ, ಇವಳು ಹೆತ್ತಾಗ ಇವಳನ್ನು ಗಾಳಿಮಂಟಪದಲ್ಲಿ ಮಲಗಿಸೋಣ ಬುಡಿ ಎಂದರು. ಎಲ್ಲರೂ ನಕ್ಕರು. ಚರ್ಚೆ ಅಲ್ಲಿಗೆ ಮುಗಿಯಿತು.

ಬರಬರುತ್ತ ಅಕ್ಕನಿಗೆ ಬೆಳಗ್ಗೆ ಏಳುವಾಗ ತಲೆ ಸಿಡಿಯತೊಡಗಿತು. ಮಗು ಹಾಲು ಕುಡಿಯುತ್ತಲೇ ಜೋಂಪಿಗೆ ಜಾರುತ್ತಿತ್ತು. ಬಾಣಂತಿಗೆ ಅದೆಲ್ಲ ಇದ್ದದ್ದೇ ಎಂದರು ಅತ್ತೆ. ನನಗೆ ಮಾತ್ರ ಪೈಪಿನ ಮೇಲೇ ಕಣ್ಣು. ಅಕ್ಕನೇ ಬೇಡವೆಂದರೆ ಅಪ್ಪ ಕೇಳುತ್ತಾನೆ ಎಂದು ಅವಳ ಹತ್ತಿರ ಹೋಗಿ ಕೂತು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ತೆಗೆಸ್ಬೇಡ ಕಣೇ... ಅದ್ರಲ್ಲಿ ಅವ್ವ ಮಾತಾಡ್ತಾಳೆ."

ನಗಲು ಹೋದೆ. ಅವಳ ಮುಖ ನೋಡಿ ಆಗಲಿಲ್ಲ. ಕಿವಿಗೆ ಹತ್ತಿ ತುರುಕಿದ್ದಾರಲ್ಲ, ನಿನಗೇನು ಕೇಳಿಸುತ್ತೆ ಎಂದೆ.

"ಹತ್ತಿ ಇಟ್ಕೊಂಡಾಗ್ಲೇ ಚೆನ್ನಾಗಿ ಕೇಳುಸ್ತದೆ" ಎಂದಳು, ತೀರ ಸಾಮಾನ್ಯ ಸಂಗತಿ ಹೇಳುವವಳಂತೆ.

ಹೊಗೆ ತಲೆಗೇರಿದರೆ ಇಲ್ಲದ ದನಿ ಕೇಳಿಸುವುದುಂಟು. ಅಕ್ಕನ ಮಾತಿಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಆ ಉತ್ತರವೇ ನನ್ನನ್ನು ಇನ್ನಷ್ಟು ಹೆದರಿಸಿತು. ಅವ್ವನ ದನಿ ಕೇಳಿಸುತ್ತಿದೆ ಎಂದರೆ ಅಕ್ಕ, ಮಗು ಇಬ್ಬರೂ ಸಾವಿನ ಹತ್ತಿರ ಇದ್ದಾರೆ ಎಂದರ್ಥ.

ಅವತ್ತು ಅತ್ತೆ ಯಾವುದೋ ಕಾರ್ಯಕ್ಕೆಂದು ಕೋಟೆಗೆ ಹೋಗಿದ್ದರು. ಅಕ್ಕನ ಜೊತೆ ಮಲಗುವ ಸರದಿ ನನ್ನದು. ಬೆಳಗಾಗುತ್ತಲೇ ಜಗಳವಾಡಿಯಾದರೂ ಪೈಪು ಕೀಳಿಸುವುದು, ರಾತ್ರಿಯೆಲ್ಲ ಕಿಟಕಿಯ ಗೋಣಿ ಸರಿಸಿ ಎಚ್ಚರವಾಗಿರುವುದು ಎಂದುಕೊಂಡೇ ಒಳಗೆ ಹೋದೆ. ಅಪ್ಪ ಹೊರಗೆ ಒಲೆಯ ಮುಂದೆ ಕೂತಿದ್ದ. ನಾನು ಬಾಗಿಲ ಚಿಲಕ ಹಾಕಿದೆ. ಗೋಣಿ ಸರಿಸಿದೆ. ತಣ್ಣನೆ ಗಾಳಿಗೆ ಮಗು ನಡುಗಿ ಅತ್ತಿತು... ಅಕ್ಕ ಗೋಗರೆದಳು. ಒಂದು ಗಳಿಗೆ ಎಂದು ಮತ್ತೆ ಮುಚ್ಚಿದೆ.

ಸಾಂಬ್ರಾಣಿಯ ವಾಸನೆ. ಅದರ ಅಡಿಯಲ್ಲಿ ಬೇಯುವ ಸೊಪ್ಪಿನ ಸಿಹಿಗಂಧ. ಹೊಗೆಯ ವಾಸನೆ ಇರಲೇ ಇಲ್ಲ ಅನ್ನಬೇಕು.

ಟಿಕ್... ಟಿಕ್...

ಪೈಪು. ಕಾದ ತಗಡು ಹಿಗ್ಗುತ್ತದೆ, ಅದಕ್ಕೇ ಸದ್ದು. ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ. ಆಮೇಲೆ ಊದಿದಂಥ ಶಬ್ದ. ಬಾಗಿದ ಕಡೆ ಗಾಳಿ ಸುಳಿಯುತ್ತಿದೆ. ಅದಕ್ಕೂ ಉತ್ತರ ಇತ್ತು.

ಆಮೇಲೆ...

"ಬೆಂಕಿ... ಒಸಿ ಸಣ್ಣಕ್ಕೆ ಮಾಡಿ..."

ಅದೇ ದನಿ. ಕೊನೆಯಲ್ಲಿ ಸ್ವಲ್ಪ ಒಡೆಯುವ, ತಂಡಿಗೆ ಕಟ್ಟಿದ ಗಂಟಲಿನ ದನಿ.

ಎದ್ದು ಬಾಗಿಲು ತೆಗೆಯಬೇಕು ಎಂದು ಗೊತ್ತಿತ್ತು. ಇದು ಹೊಗೆಯ ಕೆಲಸ, ನಿನ್ನ ತಲೆ ಕೆಡುತ್ತಿದೆ, ಏಳು... ವಾದ ಸರಿಯಾಗೇ ಇತ್ತು. ಕಾಲು ಏಳಲಿಲ್ಲ. ನಿಜ ಹೇಳಬೇಕೆಂದರೆ ಏಳುವ ಮನಸ್ಸೂ ಪೂರ್ತಿ ಇರಲಿಲ್ಲ. ಎದ್ದರೆ ಆ ದನಿ ನಿಲ್ಲುತ್ತದೆ. ಇನ್ನೊಂದು ಸಲ ಕೇಳೋಣ... ಇನ್ನೊಂದೇ ಸಲ. ಕತ್ತಲಲ್ಲಿ ಅಕ್ಕನೂ ಹೀಗೇ ದಿನವೂ ಮಲಗಿರುತ್ತಿದ್ದಳೆಂದು ಆಗ ತಿಳಿಯಿತು.

ಮಗುವಿನ ಉಸಿರು ಕೇಳುತ್ತಿರಲಿಲ್ಲ.

ದನಿ ಬದಲಾಯಿತು. ಮೆಲುದನಿ ಹೋಗಿ, ಗದರುವ ದನಿ.

"ಬೆಂಕಿ ಆರ್ಸಿ. ಮಗೀಗೆ ಉಸ್ರು ಕಟ್ತದೆ. ಕೇಳುಸ್ತಾ... ಆರ್ಸಿ ಅಂದೆ."

ಆಮೇಲಿನದು ಚೂರುಚೂರು ನೆನಪು. ಬಾಗಿಲಿಗೆ ಏನೋ ಅಪ್ಪಳಿಸಿದ್ದು, ಚಿಲಕ ಕಿತ್ತು ಬಂದದ್ದು, ಅಪ್ಪನ ಬೆವರಿನ ವಾಸನೆ. ಅಂಗಳದ ಕೆಸರಿನಲ್ಲಿ ನಾನು ವಾಂತಿ ಮಾಡಿಕೊಂಡದ್ದು. ಅಕ್ಕನ ತಲೆ ಅಪ್ಪನ ತೋಳಿನ ಮೇಲೆ ಒಂದು ಕಡೆ ವಾಲಿದ್ದು. ಮಳೆಹನಿ ಮುಖಕ್ಕೆ ಬಿದ್ದು, ಮಗು ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತದ್ದು.

ಪಕ್ಕದ ಮನೆಯವರ ಗಾಡಿಯಲ್ಲಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋದೆವು. ಹೊಗೆ ಕುಡಿದಿದ್ದಾರೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಕ್ಸಿಜನ್ ಇಟ್ಟರು. ಅಕ್ಕ, ಮಗು ಇಬ್ಬರೂ ಉಳಿದರು.

ಬೆಳಗಿನ ಜಾವ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಅಂಗೈ ನೋಡಿದೆ. ಸುಟ್ಟು ಬೊಬ್ಬೆ ಬಂದಿತ್ತು. ಉರಿಯುವ ಕೊರಡುಗಳನ್ನು ಕೈಯಲ್ಲೇ ಎಳೆದು ಹಾಕಿ, ನೀರು ಸುರಿದು ಒಲೆ ಆರಿಸಿದ್ದ. ಅರ್ಧ ಬೆಂದ ಸೊಪ್ಪು ಒಳಗಿರುವಾಗ! ನಮ್ಮ ಕಡೆ ಮನೆಗೆ ಸಾವು ಬಂದರೂ ಯಾರನ್ನಾದರೂ ಒಲೆಯ ಮುಂದೆ ಕೂರಿಸಿಯೇ ಹೋಗುತ್ತಾರೆ. ಯಾಕೆ ಆರಿಸಿದೆ ಎಂದು ಕೇಳಿದೆ.

ಅಪ್ಪ ನೆಲ ನೋಡುತ್ತ, "ನಿಮ್ಮವ್ವ ಹೇಳುದ್ಲು" ಎಂದ.

ನಾನು ಬಿಡಲಿಲ್ಲ. ನನ್ನದು ಅವ್ವನದೇ ದನಿ, ಎಲ್ಲರೂ ಹೇಳುತ್ತಾರೆ. ತಲೆಗೆ ಹೊಗೆ ಏರಿ ನಾನೇ ಬಡಬಡಿಸಿರಬೇಕು, ಪೈಪು ಅದನ್ನು ಒಲೆಯ ತನಕ ಒಯ್ದಿರಬೇಕು ಎಂದೆ. ಒಳ್ಳೆಯ ವಾದ. ಈಗಲೂ ಅದಕ್ಕಿಂತ ಒಳ್ಳೆಯದು ನನ್ನಲ್ಲಿಲ್ಲ.

ಅಪ್ಪ ತಲೆಯಲ್ಲಾಡಿಸಿದ. "ಪೈಪಿಂದ ಬರ್ಲಿಲ್ಲ ಕಣವ್ವ... ನನ್ ಬೆನ್ನಿಂದೆ, ಕಿಂಡಿತಾವ ನಿಂತ್ಕೊಂಡು ಹೇಳ್ದಂಗಿತ್ತು."

ಅಪ್ಪ ಕೂತಿದ್ದದ್ದು ಬಯಲಿನಲ್ಲಿ. ಮಳೆಗಾಳಿ ಬೀಸುತ್ತಿತ್ತು. ಅವನ ತಲೆಗೆ ಯಾವ ಹೊಗೆ ಏರಿತ್ತು? ನಾನು ಕೇಳಿದ ಆ ಮಾತುಗಳನ್ನೇ ಅವನೂ ಹೇಳಿದ, ಆ ಗದರಿಕೆ ಕೂಡ.

ಆಸ್ಪತ್ರೆಯಿಂದ ಬಂದ ದಿನ ಅಪ್ಪ ಸುತ್ತಿಗೆ ಹಿಡಿದು ಕೋಣೆಗೆ ಬಂದ. ಅಕ್ಕ ಅಡ್ಡ ನಿಂತಳು. ಬೆಂಕಿ ಹಾಕಬೇಡಿ, ಪೈಪು ಸುಮ್ಮನೆ ಇರಲಿ, ಇದ್ದರೆ ಏನು ನಷ್ಟ ಎಂದು ಅತ್ತಳು. ಅಪ್ಪ ನನ್ನ ಕಡೆ ನೋಡಿದ. ಅವನಿಗೂ ಕೀಳುವ ಮನಸ್ಸಿರಲಿಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದ.

ನಾನು ಹೇಳಿದೆ. ಪೈಪು ಇದ್ದರೆ ಚಳಿಗೆ ಇನ್ನೊಂದು ದಿನ ಯಾರಾದರೂ ಬೆಂಕಿ ಹಾಕೇ ಹಾಕುತ್ತಾರೆ. ಮಣ್ಣು ಮೆತ್ತಿದ ಸಂದಿ ಕಾವಿಗೆ ಬಿರಿಯುತ್ತದೆ. ದನಿಗಾಗಿ ಮಗುವನ್ನು ಪಣಕ್ಕಿಡುವುದಾ ಅಕ್ಕ? ಒಂದು ಮಾತೂ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅಕ್ಕ ಪಕ್ಕಕ್ಕೆ ಸರಿದಳು. ಚರ್ಚೆಯಲ್ಲಿ ಗೆದ್ದು ಅಷ್ಟು ಅನಾಥಳಾದದ್ದು ಅದೇ ಮೊದಲು.

ಅಪ್ಪ ಒಂದೊಂದೇ ತುಂಡು ಕಳಚಿದ. ಒಳಗೆ ಮಸಿ, ಮತ್ತೇನೂ ಇಲ್ಲ. ಗೋಡೆಯೊಳಗೆ ಹುದುಗಿದ ಕೊನೆಯ ತುಂಡು ಉಳಿದಾಗ ಅಕ್ಕ, "ಒಸಿ ತಡಿ ಅಪ್ಪ" ಎಂದಳು. ಮಗುವಿನ ಮುಖದ ಬಟ್ಟೆ ಸರಿಸಿ, ಪೈಪಿನ ಕಪ್ಪು ಬಾಯಿಗೆ ಎದುರಾಗಿ ಎತ್ತಿ ಹಿಡಿದಳು.

"ನೋಡವ್ವ" ಎಂದಳು. "ಗಂಡ್ಮಗ."

ಯಾವ ಸದ್ದೂ ಇಲ್ಲ. ನಾನು ಕಿವಿ ಕೊಟ್ಟು ಕೇಳಿದ್ದೇನೆ, ಆಣೆ ಮಾಡಿ ಹೇಳುತ್ತೇನೆ... ಏನೂ ಇರಲಿಲ್ಲ. ಅಪ್ಪ ಗೋಡೆಗೆ ತಲೆಯಾನಿಸಿ ನಿಂತಿದ್ದ.

ಅಲ್ಲಿಯವರೆಗೆ ಅಳುತ್ತಿದ್ದ ಮಗು ಥಟ್ಟನೆ ನಿಲ್ಲಿಸಿತು. ಕತ್ತು ಓರೆ ಮಾಡಿ ಆ ಕತ್ತಲೆಯ ಕಡೆಗೇ ಮುಖ ತಿರುಗಿಸಿತು. ಯಾರೋ ಏನೋ ಹೇಳುತ್ತಿರುವಾಗ ನಾವು ನಡುವೆ ಹೂಂ ಅನ್ನದೆ ಕೇಳುತ್ತೇವಲ್ಲ, ಹಾಗೆ... ಬಹಳ ಹೊತ್ತು ಕೇಳಿಸಿಕೊಂಡಿತು.